ಸೂತಕದ ಮನೆಯ ಕೀಲಿ

ಸಿದ್ದುವಿನ ಹತ್ತಿರ ಕೀಲಿ ಇರಲಿಲ್ಲ. ಕೋಡು ಬರೆಯಲು ಬರುತ್ತಿತ್ತು, ತಪ್ಪು ಹುಡುಕಲು ಬರುತ್ತಿತ್ತು, ಈ ಸಲ ಸಿಕ್ಕ ತಪ್ಪನ್ನು ತಿದ್ದಿ ಮುಗಿಸಿಯೂ ಆಗಿತ್ತು. ತಿದ್ದಿದ್ದನ್ನು ಊರೂರಿಗೆ ತಲುಪಿಸುವ ಕೀಲಿ ಮಾತ್ರ ಬಿಳಿಚೋಡಿನಲ್ಲಿ, ನೇತ್ರಾವತಿಯ ಲ್ಯಾಪ್‌ಟಾಪಿನೊಳಗಿತ್ತು. ಆ ಮನೆಯಲ್ಲಿ ಬುಧವಾರ ಬೆಳಿಗ್ಗೆ ಅವಳ ಮಾವ ಗೋಣೆಪ್ಪ ತೀರಿಕೊಂಡಿದ್ದರು.

ಅವರಿಬ್ಬರೂ ಸೇರಿ ನೋಡಿಕೊಳ್ಳುತ್ತಿದ್ದ ಪ್ಲಗಿನ್ನಿನ ಹೆಸರು ದನಿಗೂಡು. ಯಾವುದಾದರೂ ವೆಬ್‌ಸೈಟಿಗೆ ಅದನ್ನು ಸೇರಿಸಿದರೆ ಪುಟದ ಮೇಲೊಂದು ಕೆಂಪು ಗುಂಡಿ ಬರುತ್ತದೆ. ಗುಂಡಿ ಒತ್ತಿ ಮಾತಾಡಿದರೆ, ಹಾಡಿದರೆ, ದನಿ ಅಲ್ಲಿ ಉಳಿಯುತ್ತದೆ. ನೇತ್ರಾವತಿ ಅದನ್ನು ಮೊದಲು ಮಾಡಿದ್ದು ತಾನು ನೋಡಿಕೊಳ್ಳುವ ಊರ ಗ್ರಂಥಾಲಯಕ್ಕಾಗಿ. ಓದಲು ಬಾರದ ಮುದುಕರು ಅಲ್ಲಿಗೆ ಬಂದು, ಪೇಪರಿನ ಚಿತ್ರ ನೋಡಿ, ಫ್ಯಾನಿನ ಕೆಳಗೆ ಒಂದು ನಿದ್ದೆ ಮುಗಿಸಿ ಹೋಗುತ್ತಿದ್ದರು. ಪುಸ್ತಕದಲ್ಲಿರುವುದು ಅವರಿಗೆ ಬೇಡವಾದರೆ ಅವರಲ್ಲಿರುವುದನ್ನಾದರೂ ಹಿಡಿದಿಡೋಣ ಎಂದು ಅವಳು ಹೊರಟಳು. ಆಮೇಲೆ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟಳು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಚನ್ನಗಿರಿಯ ಒಂದು ಶಾಲೆ ತೆಗೆದುಕೊಂಡಿತು. ನ್ಯಾಮತಿ ಕಡೆ ಗಂಗೋತ್ರಿ ಎಂಬ ಗ್ರಂಥಪಾಲಕಿ ಸೂರಗೊಂಡನಕೊಪ್ಪದ ಸುತ್ತಲಿನ ತಾಂಡಾಗಳಿಗೆ ಹೋಗಿ ಲಂಬಾಣಿ ಹೆಂಗಸರ ಹಾಡುಗಳನ್ನು ತುಂಬಿಸತೊಡಗಿದಳು. ನೋಡನೋಡುತ್ತ, ಇವರು ಹೆಸರೇ ಕೇಳದ ಊರುಗಳಿಂದ ಪ್ರಶ್ನೆಗಳು ಬರತೊಡಗಿದವು.

ಕೈಗಳು ಹೆಚ್ಚಾದಂತೆ ನೇತ್ರಾವತಿ ಬಿಗಿಯಾದಳು. ಹೊಸ ಆವೃತ್ತಿ ಹೊರಡುವ ಮೊದಲು ಅದನ್ನು ಹಳೇ ಫೋನಿನಲ್ಲಿ, ಹೊಸ ಫೋನಿನಲ್ಲಿ, ಕೊನೆಗೆ ಸಿಗ್ನಲ್ ಸಾಯುವ ಜಾಗದಲ್ಲಿ ನಿಂತು ಪರೀಕ್ಷೆ ಮಾಡಬೇಕು. ಪರೀಕ್ಷೆ ಮಾಡಿದವರು ತಮ್ಮ ಹೆಸರು ಹಾಕಬೇಕು. ಏನು ಬದಲಾಯಿತು ಎಂದು ಓದಿದವರಿಗೆ ತಿಳಿಯುವ ಕನ್ನಡದಲ್ಲಿ ಟಿಪ್ಪಣಿ ಬರೆಯಬೇಕು. ತಪ್ಪಾಗಿದ್ದರೆ ಆ ತಪ್ಪೂ ಅದರಲ್ಲಿ ಬರಬೇಕು. ಎಲ್ಲ ಆದಮೇಲೆ ಅವಳ ಕೀಲಿಯಿಂದ ಸಹಿ ಬೀಳಬೇಕು. ಕೀಲಿ ಎಂದರೆ ಅವಳೊಬ್ಬಳಿಗೇ ಗೊತ್ತಿರುವ ಗುಪ್ತಪದದ ಹಿಂದೆ ಕೂತ ಒಂದು ಕಡತ. ಸಹಿ ಬಿದ್ದ ಆವೃತ್ತಿಯನ್ನು ಊರೂರಿನ ಸೈಟುಗಳು ತಾವಾಗಿಯೇ ಎಳೆದುಕೊಳ್ಳುತ್ತವೆ. ಸಹಿ ಇಲ್ಲದ್ದನ್ನು ಮೂಸಿಯೂ ನೋಡುವುದಿಲ್ಲ.

"ಒಬ್ಬಳೇ ಇಟ್ಕಂಡ್ರೆ ಹೆಂಗಕ್ಕ? ನಿನಗೇನಾರ ಆದ್ರೆ?" ಎಂದು ಸಿದ್ದು ಒಮ್ಮೆ ಕೇಳಿದ್ದ. ದಾವಣಗೆರೆಯ ಕಾಲೇಜಿನಲ್ಲಿ ಅವಳು ಅವನಿಗಿಂತ ಮೇಲಿನ ತರಗತಿಯವಳು. ಅಂದಿನಿಂದ ಅಕ್ಕ.

"ನನಗೇನಾಗ್ತೈತೋ? ಗುಂಡುಕಲ್ಲು ಇದ್ದಂಗಿದೀನಿ," ಎಂದು ಅವಳು ನಕ್ಕಿದ್ದಳು. "ಮೊದ್ಲು ಹೇಳಿದ ಪರೀಕ್ಷೆ ನೆಟ್ಟಗೆ ಮಾಡಾಕೆ ಕಲಿ. ಆಮೇಲೆ ನಿನಗೂ ಒಂದು ಕೀಲಿ ಕೊಡ್ತೀನಿ."

ಆ ಪರೀಕ್ಷೆಯನ್ನೇ ಅವನು ನೆಟ್ಟಗೆ ಮಾಡಿರಲಿಲ್ಲ.

ಸಿದ್ದು ಹೊನ್ನಾಳಿಯಲ್ಲಿ ಒಂದು ಅಕ್ಕಿ ಗಿರಣಿಯ ಕಂಪ್ಯೂಟರಿನ ಮುಂದೆ ಕೂರುವವನು. ಹಿಂದಿನ ಆವೃತ್ತಿ ಸಿದ್ಧವಾದಾಗ ಗಿರಣಿಯ ಮುಂದೆ ಭತ್ತದ ಲಾರಿಗಳ ಸಾಲು ರಸ್ತೆಯವರೆಗೆ ನಿಂತಿತ್ತು. ಆ ಆವೃತ್ತಿಯಲ್ಲಿ ಕಸ ಗುಡಿಸುವ ಒಂದು ಭಾಗವನ್ನು ಅವನೇ ಬರೆದಿದ್ದ. ಅರ್ಧಕ್ಕೆ ನಿಂತುಹೋದ ಧ್ವನಿಮುದ್ರಿಕೆಗಳ ತುಣುಕುಗಳು ಸರ್ವರಿನಲ್ಲಿ ಸುಮ್ಮನೆ ಜಾಗ ತಿನ್ನುತ್ತಿದ್ದವು. ಈ ಆವೃತ್ತಿ ಕೂತು ಒಂದು ತಿಂಗಳಾದ ಮೇಲೆ, ಇರುವ ತುಣುಕುಗಳನ್ನೆಲ್ಲ ಗುಡಿಸಿ ಹಾಕು ಎಂದು ಬರೆದಿದ್ದ. ಸಿಗ್ನಲ್ ಚೆನ್ನಾಗಿರುವ ಕಡೆ ಅದರಿಂದ ತೊಂದರೆಯಿರಲಿಲ್ಲ. ಸಿಗ್ನಲ್ ಇಲ್ಲದ ಊರುಗಳಲ್ಲಿ ಒಂದೊಂದು ಹಾಡೂ ನಾಲ್ಕಾರು ತುಣುಕಾಗಿ ಹೋಗಿ, ಅಲ್ಲಿ ಮತ್ತೆ ಒಂದಾಗುತ್ತಿತ್ತು. ಒಂದಾದ ಮೇಲೂ ಅದರ ಮೈಮೇಲೆ ತುಣುಕು ಎಂಬ ಗುರುತು ಉಳಿದುಬಿಡುತ್ತಿತ್ತು. ಸಿದ್ದುವಿನ ಪೊರಕೆಗೆ ಆ ಗುರುತಷ್ಟೇ ಕಾಣುತ್ತಿತ್ತು.

ಸಿಗ್ನಲ್ ಸಾಯುವ ಜಾಗದ ಪರೀಕ್ಷೆ ಅವನ ಪಾಲಿಗೆ ಬಂದಿತ್ತು. ಹೊಳೆಯ ದಂಡೆಗೆ ಇಳಿದರೆ ಫೋನಿನಲ್ಲಿ ಒಂದು ಕಡ್ಡಿಯೂ ಉಳಿಯುವುದಿಲ್ಲ, ಅದು ಅವನಿಗೆ ಗೊತ್ತಿತ್ತು. ಹೋಗಲಿಲ್ಲ. ಗಿರಣಿಯ ಕುರ್ಚಿಯಲ್ಲಿ ಕೂತೇ ಒಂದು ಸಲ ಗುಂಡಿ ಒತ್ತಿ, ಹೆಸರು ಹಾಕಿದ. ಅವನ ಹೆಸರು ನೋಡಿ ನೇತ್ರಾವತಿ ಸಹಿ ಮಾಡಿದಳು.

ಗುರುವಾರ ಬೆಳಿಗ್ಗೆ ನ್ಯಾಮತಿಯಿಂದ ಗಂಗೋತ್ರಿ ಫೋನು ಮಾಡಿದಳು.

"ರೀ ಸಿದ್ದು, ನಮ್ಮ ಹಾಡುಗಳ ಪಕ್ಕದಾಗೆ ಏನೋ ಬಂದೈತಲ್ಲ, 'ಭಾನುವಾರ ತೆರವು' ಅಂತ. ಏನ್ರೀ ಅದು? ಯಾವ ತೆರವು?"

ಸಿದ್ದು ಪುಟ ತೆರೆದು ನೋಡಿದ. ತಾಂಡಾದ ಹಾಡುಗಳಲ್ಲಿ ಬಹುಪಾಲಿನ ಪಕ್ಕ ಅದೇ ಸಾಲಿತ್ತು. ಬೇರೆ ಊರುಗಳ ಪುಟಗಳಲ್ಲೂ ಇದ್ದೇ ಇರಬೇಕು, ಸೈಟು ನೋಡಿಕೊಳ್ಳುವವರಿಗಷ್ಟೇ ಕಾಣುವ ಮೂಲೆಯಲ್ಲಿ. ಭಾನುವಾರ ಬೆಳಗಿನ ಜಾವಕ್ಕೆ ಪೊರಕೆ ಏಳುತ್ತಿತ್ತು.

"ನಿಮ್ಮ ಫೋನಿನಾಗೆ ಇವೆಲ್ಲ ಐತಾ?"

"ಎಲ್ಲಿಂದ ಬರ್ತೈತ್ರಿ? ಫೋನು ತುಂಬಿ ನಿಂತೋಗಿತ್ತು. ಒಂದ್ಸಲ ಮೇಲಕ್ಕೆ ಹೋದ್ಮೇಲೆ ಅಳಿಸಬಹುದು ಅಂತ ನೀವೇ ಹೇಳಿದ್ರಲ್ಲ."

ಹೇಳಿದ್ದು ನಿಜ. ಸದ್ಯಕ್ಕೆ ಪ್ಲಗಿನ್ನನ್ನೇ ಆಫ್ ಮಾಡಿಬಿಡಿ, ಪೊರಕೆಯೂ ನಿಲ್ಲುತ್ತದೆ ಎಂದು ಅವನು ಹೇಳಿಕೊಟ್ಟ. ಗಂಗೋತ್ರಿ ಆಫ್ ಮಾಡಿದಳು. ಅವಳ ಹಾಡುಗಳು ಉಳಿದವು.

"ಉಳಿದ ಊರಿನೋರು?" ಎಂದಳು.

ಕೊಟ್ಟವರಿಗೆ ಕೊಂಡವರ ವಿಳಾಸ ಗೊತ್ತಿಲ್ಲದಿರುವುದೇ ಇಂಥ ತಂತ್ರಾಂಶದ ರೀತಿ. ಕೆಲವರ ಫೋನ್ ನಂಬರ್ ಇತ್ತು, ಹಲವರದ್ದು ಇರಲಿಲ್ಲ. ಎಲ್ಲರನ್ನೂ ಒಟ್ಟಿಗೆ ಮುಟ್ಟುವ ದಾರಿ ಒಂದೇ: ತಿದ್ದಿದ ಆವೃತ್ತಿ ಸಹಿಯಾಗಿ ಹೊರಡಬೇಕು. ತಿದ್ದಲು ಬೇಕಾದದ್ದು ಒಂದು ಸಾಲು. ಅದನ್ನು ಅವನು ಮಧ್ಯಾಹ್ನದೊಳಗೆ ಬರೆದು, ಈ ಸಲ ಹೊಳೆದಂಡೆಗೆ ಇಳಿದು, ಕೆಸರಲ್ಲಿ ನಿಂತು ಪರೀಕ್ಷೆಯನ್ನೂ ಮಾಡಿದ. ನೇತ್ರಾವತಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಅವಳ ಗಂಡ ಮಾರುತೇಶನಿಗೆ ಹಚ್ಚಿದ, ಹಲವು ಸಲ ಹಚ್ಚಿದ ಮೇಲೆ ಸಿಕ್ಕ.

"ಭಾವ, ಅಕ್ಕ ಅದಾಳಾ?"

"ಅಪ್ಪ ಹೋಗಿಬಿಟ್ರು ಕಣೋ ಸಿದ್ದು. ನಿನ್ನೆ ಬೆಳಿಗ್ಗೆ. ಹೊಲಕ್ಕೆ ಹೋಗಾಕೆ ಅಂತ ಚಪ್ಪಲಿ ಹಾಕ್ಕಂಡೋರು ಹಂಗೇ ಕುಂತರು."

ಸಿದ್ದು ಅಯ್ಯೋ ಎಂದ. ನಾಳೆ ಬರುತ್ತೇನೆ ಎಂದ. ಪೊರಕೆಯ ಮಾತು ತೆಗೆಯಲಿಲ್ಲ.

ವಿಷಯ ತಿಳಿದ ಗಂಗೋತ್ರಿ ಬಿಡಲಿಲ್ಲ. "ಹೇಳಿಬಿಡಬೇಕಿತ್ತು ರೀ. ಸತ್ತ ಮನೆ ಅಂತ, ಸೂರಿಗೆ ಬೆಂಕಿ ಬಿದ್ರೂ ಹೇಳಲ್ವಾ ನೀವು?"

"ಫೋನಿನಾಗೆ ಹೆಂಗೆ ಹೇಳಾದು? ನಾಳೆ ಹೋಗ್ತಿದೀನಲ್ಲ. ಎದುರಿಗೇ ಹೇಳ್ತೀನಿ."

ಶುಕ್ರವಾರ ಅವನು ಗಿರಣಿಗೆ ರಜೆ ಹೇಳಿ, ಲ್ಯಾಪ್‌ಟಾಪಿನ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ಬಸ್ಸು ಹತ್ತಿದ. ಅಡಿಕೆ, ಭತ್ತ ಹಿಂದೆ ಉಳಿದು ಕಡಲೆ ಹೊಲಗಳು, ಕುರಿಮಂದೆಗಳು ಬಂದವು. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡ. ಅಕ್ಕ, ಇಂಥ ಹೊತ್ತಿನಲ್ಲಿ ಕೇಳಬಾರದು, ಆದರೂ. ಅಕ್ಕ, ನನ್ನಿಂದ ಒಂದು ತಪ್ಪಾಗಿದೆ. ಅಕ್ಕ, ಹತ್ತು ನಿಮಿಷ ಲ್ಯಾಪ್‌ಟಾಪು ತೆಗೆ. ಮೂರರಲ್ಲಿ ಮೊದಲನೆಯದು ನಾಟಕದ ಮಾತಿನಂತಿತ್ತು, ಕೊನೆಯದು ಸಾಲ ವಸೂಲಿಗೆ ಬಂದವನ ಮಾತಿನಂತಿತ್ತು. ನಡುವಿನದೇ ಸರಿ ಎಂದುಕೊಂಡ.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಟ್ಟು ಬಂದವರು ಕೈಕಾಲು ತೊಳೆದು ಕುರ್ಚಿಗಳಲ್ಲಿ ಕೂತಿದ್ದರು. ಮಾರುತೇಶ ಎದ್ದು ಬಂದು ಸಿದ್ದುವಿನ ಕೈ ಹಿಡಿದುಕೊಂಡ. ಒಳಗೆ ಹೆಂಗಸರು ಕೂತಿದ್ದಾರೆ, ಸ್ವಲ್ಪ ಹೊತ್ತಾದ ಮೇಲೆ ಹೋಗುವಿಯಂತೆ ಎಂದು ಮಾರುತೇಶ ಅವನನ್ನು ಒಂದು ಕುರ್ಚಿಯಲ್ಲಿ ಕೂರಿಸಿದ.

ಅಷ್ಟರಲ್ಲಿ ಪಕ್ಕದ ಹೊಲದವನೊಬ್ಬ ಬಂದ. ಕೂತ. ಗೋಣೆಪ್ಪನಂಥವರು ಇನ್ನು ಹುಟ್ಟುವುದಿಲ್ಲ ಎಂದ. ಗಂಟಲು ಸರಿಮಾಡಿಕೊಂಡ.

"ಮಾರುತೇಶಣ್ಣ, ಹೋದ್ವಾರ ನಿಮ್ಮಪ್ಪಾರು ನಮ್ದು ಔಷಧಿ ಹೊಡೆಯೋ ಕ್ಯಾನ್ ಇಸ್ಕಂಡು ಬಂದಿದ್ರು. ಕಡಲೆಗೆ ಹುಳ ಬಿದ್ದೈತೆ. ಇವತ್ತು ಹೊಡೀಲಿಲ್ಲ ಅಂದ್ರೆ..."

ಮಾರುತೇಶ ಏಳಲು ಹೋದ. ಅವನ ಪಕ್ಕದಲ್ಲಿದ್ದ ಹಿರಿಯ, ಗೋಣೆಪ್ಪನ ದಾಯಾದಿ ಪಾಲಣ್ಣ, ಅವನ ಭುಜ ಒತ್ತಿ ಕೂರಿಸಿದ.

"ಲೇ, ಮೂರೂ ಬಿಟ್ಟವನೇ! ಸೂತಕದ ಮನೆಯಿಂದ ಸೂಜಿ ಹೊರಗೆ ಹೋಗಂಗಿಲ್ಲ. ನೀನು ಕ್ಯಾನ್ ಕೇಳಾಕೆ ಬಂದೀಯಾ?"

"ನಂದೇ ಕ್ಯಾನು ಪಾಲಣ್ಣ."

"ನಿಂದಾದ್ರೇನು, ನಿಮ್ಮಜ್ಜಂದಾದ್ರೇನು? ಈ ಹೊಸ್ಲು ಒಳಗೈತೋ ಇಲ್ವೋ? ದಿವಸದ ಕಾರ್ಯ ಆಗ್ಲಿ, ಬಂದು ತಗಂಡೋಗು. ಅಷ್ಟ್ರೊಳಗೆ ನಿನ್ನ ಕಡಲೆ ಏನು ಸ್ವರ್ಗಕ್ಕೆ ಹೋಗ್ತೈತಾ?"

"ಹೋಗ್ತೈತೆ," ಎಂದ ಅವನು.

ಯಾರೋ ಕೆಮ್ಮಿ ನಗುವನ್ನು ಮುಚ್ಚಿಕೊಂಡರು. ಪಾಲಣ್ಣ ನಗಲಿಲ್ಲ. ಕಡಲೆಯವನು ಎದ್ದು, ಹೇಳದೆ ಹೋದ. ಸತ್ತ ಮನೆಯಿಂದ ಯಾರೂ ಬರುತ್ತೇನೆಂದು ಹೇಳಿ ಹೋಗುವುದಿಲ್ಲ; ಎದ್ದು ಹೋಗಿಬಿಡಬೇಕು. ಅವನು ಹೋದಮೇಲೆ ಒಬ್ಬರಾದ ಮೇಲೊಬ್ಬರು ಅವನ ಅಪ್ಪ, ಅವನ ಅಣ್ಣತಮ್ಮಂದಿರು, ಅವನ ಕುಲದ ದುರಾಸೆ ಎಲ್ಲವನ್ನೂ ಆಡಿಕೊಂಡರು. ಸಿದ್ದು ಕಾಲಿನಿಂದ ಬ್ಯಾಗನ್ನು ಮೆಲ್ಲಗೆ ಕುರ್ಚಿಯ ಕೆಳಗೆ ದೂಡಿದ.

ಒಳಗೆ ಕರೆದಾಗ ಬ್ಯಾಗನ್ನು ಬಿಟ್ಟು ಹೋಗುವುದೋ ತೆಗೆದುಕೊಂಡು ಹೋಗುವುದೋ ತಿಳಿಯದೆ ತೆಗೆದುಕೊಂಡೇ ಹೋದ. ಪಡಸಾಲೆಯ ಗೋಡೆಗೆ ಒರಗಿ ಗೋಣೆಪ್ಪನ ಹೆಂಡತಿ ಉಚ್ಚಂಗೆಮ್ಮ ಕೂತಿದ್ದರು. ಒಲೆ ಹಚ್ಚಿರಲಿಲ್ಲ, ನೆಂಟರ ಮನೆಯಿಂದ ಬಂದ ಅನ್ನದ ಬುಟ್ಟಿ ಮೂಲೆಯಲ್ಲಿತ್ತು. ನೇತ್ರಾವತಿ ಅತ್ತೆಯ ಪಕ್ಕದಿಂದ ತಲೆ ಎತ್ತಿದಳು. ಅವಳ ಕಣ್ಣು ಮೊದಲು ಅವನ ಮುಖಕ್ಕೆ, ಆಮೇಲೆ ಬ್ಯಾಗಿಗೆ ಹೋಯಿತು.

"ಯಾರವ್ವ ಇವನು?" ಎಂದರು ಉಚ್ಚಂಗೆಮ್ಮ.

"ಹೊನ್ನಾಳಿ ಸಿದ್ದು, ಅತ್ತೆ. ನಮ್ಮ ದನಿಗೂಡಿನೋನು."

"ಓ, ಆ ಪೆಟ್ಟಿಗೆ ಹುಡುಗನಾ. ಬಾರಪ್ಪ, ಕುಂತ್ಕ. ನೋಡು, ಮುದುಕ ಹೆಂಗೆ ಮೋಸ ಮಾಡಿ ಹೋತು. ಒಂದು ಮಾತು ಹೇಳ್ಲಿಲ್ಲ."

ಸಿದ್ದು ಕೂತ. ಏನಾದರೂ ಹೇಳಬೇಕಲ್ಲ ಎಂದು, ಹೋದ ಸಲ ಬಂದಾಗ ನನಗೆ ಎರಡು ರೊಟ್ಟಿ ಹೆಚ್ಚು ಹಾಕಿಸಿದ್ದರು ಎಂದ.

"ಅವರದೇ ಅದು. ತಾನುಣ್ಣಾದು ಅರ್ಧ, ಮಂದಿಗೆ ಹಾಕ್ಸಾದು ಎರಡು," ಎಂದರು ಉಚ್ಚಂಗೆಮ್ಮ. ಸೆರಗಿನಿಂದ ಮೂಗೊರೆಸಿಕೊಂಡರು. "ನಿಮ್ಮ ಪೆಟ್ಟಿಗೇಲಿ ಐತಂತಲ್ಲಪ್ಪ ಅವರ ದನಿ? ನನ್ನ ಸೊಸಿ ಹೇಳಿದ್ಲು. ತಾನು ಕಟ್ಟಿದ ಎತ್ತುಗಳ ಹೆಸರೆಲ್ಲ ಹೇಳಿ, ಒಂದೊಂದಕ್ಕೂ ಬೈದೈತಂತೆ. ಎತ್ತಿನ ಹೆಸರು ಹೇಳಿದ ಬಾಯಾಗೆ ನನ್ನ ಹೆಸರು ಒಂದ್ಸಲಾನೂ ಬಂದಿಲ್ವಂತೆ. ನಾನು ಆವಾಗ ಕೇಳ್ಲಿಲ್ಲ. ಮನ್ಯಾಗೇ ಅದಾರಲ್ಲ, ಪೆಟ್ಟಿಗೇಲಿ ಏನು ಕೇಳಾದು ಅಂತ. ದಿವಸದಿನ ಹಾಕ್ತಾರಂತೆ. ಕೇಳಾನ."

ನೇತ್ರಾವತಿ ಹೌದೆಂಬಂತೆ ತಲೆಯಾಡಿಸಿದಳು. ಬಿಳಿಚೋಡಿನ ಈ ಕೇರಿಯಲ್ಲಿ ಸಿಗ್ನಲ್ ಎಷ್ಟು ಬರುತ್ತದೆ ಎಂಬುದನ್ನು ಅವನು ಕೇಳಬೇಕಾಗಿರಲಿಲ್ಲ. ಅವನ ಫೋನು ಜೇಬಿನಲ್ಲಿ ಊರು ಮುಟ್ಟಿದಾಗಿನಿಂದ ಸತ್ತು ಬಿದ್ದಿತ್ತು. ಗೋಣೆಪ್ಪನ ಎತ್ತುಗಳು ತುಣುಕು ತುಣುಕಾಗಿಯೇ ಮೇಲೆ ಹೋಗಿದ್ದವು.

"ಬ್ಯಾಗ್ ಯಾಕೋ ತಂದೀಯ?" ಎಂದಳು ನೇತ್ರಾವತಿ.

ಬಾಗಿಲು ತೆರೆದಂತೆ ಆಯಿತು. ಒಳಗೆ ಹೋಗುವುದಷ್ಟೇ ಉಳಿದಿತ್ತು. ಪಡಸಾಲೆಯಲ್ಲಿ ಎಂಟು ಹತ್ತು ಹೆಂಗಸರು ಅವನ ಬಾಯಿಯನ್ನೇ ನೋಡುತ್ತಿದ್ದರು. ಹೊರಗೆ ಪಾಲಣ್ಣನ ದನಿ ಇನ್ನೂ ಕಡಲೆಯವನ ಅಜ್ಜನನ್ನು ಬೈಯುತ್ತಿತ್ತು. ಸೂತಕದ ಮನೆಯಲ್ಲಿ ಏನನ್ನೂ ಕೇಳಬಾರದು, ಅದು ನಿಜ. ಆ ಮಾತು ಅವನಿಗೆ ಅಲ್ಲಿ ಬಹಳ ಅನುಕೂಲಕ್ಕೂ ಬಂತು. ಕೀಲಿ ಕೇಳಬೇಕಾದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ ಹೊಳೆದಂಡೆಗೆ ಹೋಗದೆ ಹೆಸರು ಹಾಕಿದ್ದನ್ನು ಹೇಳಬೇಕು. ನಿಮ್ಮ ಗಂಡನ ದನಿ ನಾಡಿದ್ದು ಅಳಿಸಿಹೋಗುತ್ತದೆ, ಅಳಿಸುವವನು ನಾನೇ ಎಂದು ಈ ಮುದುಕಿಯ ಮುಂದೆ ಹೇಳಬೇಕು.

"ಹಂಗೇ," ಎಂದ. "ಗಿರಣಿಯಿಂದ ಸೀದಾ ಬಂದೆ."

ನೇತ್ರಾವತಿ ಏನೋ ಕೇಳಲು ಬಾಯಿ ತೆರೆದಳು. ಆಗ ಹೊರಗಿನಿಂದ ಹೊಸ ನೆಂಟರ ಅಳು ಕೇಳಿ, ಉಚ್ಚಂಗೆಮ್ಮ ದನಿ ತೆಗೆದು, ಅವಳು ಅತ್ತೆಯನ್ನು ಹಿಡಿದುಕೊಂಡಳು. ಸಿದ್ದು ಎದ್ದ. ಯಾರಿಗೂ ಹೇಳದೆ ಹೊರಬಂದ. ಆ ಮನೆಯ ಪದ್ಧತಿಯೂ ಅದೇ ಆದ್ದರಿಂದ ಯಾರಿಗೂ ವಿಚಿತ್ರವೆನಿಸಲಿಲ್ಲ.

ದಾವಣಗೆರೆ ಹತ್ತಿರವಾಗುತ್ತಿದ್ದಂತೆ ಫೋನಿಗೆ ಜೀವ ಬಂತು. ಗಂಗೋತ್ರಿ.

"ಹೇಳಿದ್ರಾ?"

"ಹೇಳಾಕೆ ಆಗ್ಲಿಲ್ಲ ರೀ. ಜನ ಇದ್ರು."

ಅವಳು, "ಹಂಗಾರೆ ಗೊತ್ತಿರೋ ನಂಬರ್‌ಗಳ್ನೆಲ್ಲ ಕಳಿಸ್ರಿ. ಅರ್ಧ ನೀವು ಮಾಡ್ರಿ, ಅರ್ಧ ನಾನು ಮಾಡ್ತೀನಿ," ಎಂದಳು.

ಶನಿವಾರ ಇಡೀ ದಿನ ಇಬ್ಬರೂ ಫೋನು ಮಾಡಿದರು. ಸಿದ್ದು ಗಿರಣಿಯ ಲಾರಿಗಳಿಗೆ ಚೀಟಿ ಬರೆಯುತ್ತ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಒಬ್ಬೊಬ್ಬರಿಗೂ ಅದೇ ಪಾಠ ಹೇಳಿದ. ಕೆಲವರು ಹೇಳಿದ ಕೂಡಲೇ ಆಫ್ ಮಾಡಿದರು. ಚನ್ನಗಿರಿಯ ಶಾಲೆಯಲ್ಲಿ ಸೈಟು ನೋಡಿಕೊಳ್ಳುತ್ತಿದ್ದ ಮೇಷ್ಟ್ರು ವರ್ಗವಾಗಿ ಹೋಗಿದ್ದರು. ಗುಪ್ತಪದವೂ ಅವರ ಜೊತೆ ಹೋಗಿತ್ತು. ಒಬ್ಬರು ಪೂರ್ತಿ ಕೇಳಿಸಿಕೊಂಡು, "ಆತು ಸಾರ್, ಪ್ಲಗ್ ಕಿತ್ತಾಕಿದೀನಿ. ಈಗ ಕಂಪ್ಯೂಟರ್ರೇ ಆಫ್," ಎಂದರು. ಅವರ ಸೈಟು ಇದ್ದದ್ದು ಎಲ್ಲೋ ದೂರದ ಸರ್ವರಿನಲ್ಲಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವರು ಫೋನನ್ನೂ ಇಟ್ಟಿದ್ದರು, ಮತ್ತೆ ಎತ್ತಲಿಲ್ಲ. ಕೊಟ್ರೇಶ್ ಎಂಬ ಒಬ್ಬ ಗ್ರಂಥಪಾಲಕರು ಮದುವೆ ಮನೆಯಲ್ಲಿದ್ದರು. "ಸೋಮವಾರ ನೋಡಾನ ಬಿಡ್ರಿ ಬ್ರದರ್, ಇಲ್ಲಿ ಬ್ಯಾಂಡು ಕೇಳ್ತೈತಲ್ಲ," ಎಂದರು. ಬ್ಯಾಂಡು ಕೇಳಿಸುತ್ತಿತ್ತು.

ಬಿಳಿಚೋಡಿನ ಸೈಟನ್ನು ಆಫ್ ಮಾಡಬಲ್ಲವಳು ನೇತ್ರಾವತಿಯೊಬ್ಬಳೇ. ಸಂಜೆ ಸಿದ್ದು ಮಾರುತೇಶನ ನಂಬರ್ ತೆಗೆದು ನೋಡುತ್ತ ಕೂತ. ನಿನ್ನೆ ಅಷ್ಟು ದೂರ ಹೋಗಿ, ಎದುರಿಗೆ ಕೂತು, ಕೇಳಿದಾಗಲೂ ಹೇಳದವನು ಇವತ್ತು ಫೋನಿನಲ್ಲಿ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಮೊನ್ನೆ ಇದ್ದದ್ದು ಒಂದು ತಪ್ಪು. ಈಗ ಎರಡಾಗಿದ್ದವು. ನಂಬರನ್ನು ಒತ್ತಲಿಲ್ಲ.

ಭಾನುವಾರ ಪೊರಕೆ ಎದ್ದು, ಗುಡಿಸಿ, ಮಲಗಿತು. ಅದು ಚೆನ್ನಾಗಿ ಬರೆದ ಕೋಡು, ಎಲ್ಲೂ ಎಡವಲಿಲ್ಲ. ಬೆಳಿಗ್ಗೆ ಸಿದ್ದು ಬಿಳಿಚೋಡಿನ ಪುಟ ತೆರೆದ. ಗೋಣೆಪ್ಪ, ಎತ್ತುಗಳು ಎಂಬ ಹೆಸರು ಹಾಗೇ ಇತ್ತು. ಒತ್ತಿದರೆ ಏನೂ ಕೇಳಿಸಲಿಲ್ಲ. ಅವನು ದನಿಗೂಡಿನ ಚರ್ಚೆಯ ಪುಟದಲ್ಲಿ ಆದದ್ದನ್ನೆಲ್ಲ ಬರೆದ: ಹೊಳೆದಂಡೆಗೆ ಹೋಗದ್ದನ್ನು, ಹೆಸರು ಹಾಕಿದ್ದನ್ನು, ಬಿಳಿಚೋಡಿಗೆ ಹೋಗಿ ಸುಮ್ಮನೆ ಬಂದದ್ದನ್ನು. ಬರೆಯುವುದು ಸುಲಭವಾಗಿತ್ತು. ಎದುರಿಗೆ ಯಾರೂ ಇರಲಿಲ್ಲ.

ದಿವಸದ ಊಟಕ್ಕೆ ಮಾರುತೇಶ ಕರೆದಿದ್ದ. ಹೋಗದಿರಲು ಅವನಿಗೆ ಕಾರಣ ಸಿಗಲಿಲ್ಲ. ಹೋದಾಗ ಪಂಕ್ತಿ ನಡೆಯುತ್ತಿತ್ತು. ಬಡಿಸುತ್ತಿದ್ದ ನೇತ್ರಾವತಿ ಅವನ ಎಲೆಗೂ ಬಡಿಸಿದಳು, ಎಲ್ಲರಿಗೆ ಬಡಿಸಿದಷ್ಟೇ. ಅವಳು ಆ ಬೆಳಿಗ್ಗೆ ಫೋನು ತೆರೆದು ಅವನು ಬರೆದದ್ದನ್ನು ಓದಿದ್ದಳೆಂದು ಮುಖ ನೋಡಿದ ಕೂಡಲೇ ತಿಳಿಯಿತು.

ಊಟ ಮುಗಿದು ನೆಂಟರು ಅಡಿಕೆ ಎಲೆ ಹಾಕಿಕೊಳ್ಳುತ್ತಿದ್ದಾಗ ಉಚ್ಚಂಗೆಮ್ಮ ಅವನನ್ನು ಕಂಡರು.

"ಪೆಟ್ಟಿಗೆ ಹುಡುಗ ಬಂದನಲ್ಲ! ಹಾಕ್ರಪ್ಪ ಮತ್ತೆ. ಎಲ್ಲರೂ ಅದಾರೆ. ಮುದುಕ ಏನು ಬೈದೈತೋ ಕೇಳಾನ."

ಪಾಲಣ್ಣ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಯಾರೋ ಮಕ್ಕಳನ್ನು ಗದರಿ ಸುಮ್ಮನಾಗಿಸಿದರು. ಸಿದ್ದು ಎದ್ದು ನಿಂತ. ಈ ಸಲ ಹೇಳುತ್ತಿದ್ದನೋ ಏನೋ. ಅಷ್ಟರಲ್ಲಿ ನೇತ್ರಾವತಿ, "ನೆಟ್‌ವರ್ಕ್ ಇಲ್ಲ ಅತ್ತೆ," ಎಂದಳು.

"ಇಲ್ವಾ? ಇರ್ಲಿ ಬಿಡು. ಬರ್ತೈತೆ. ಬಂದಾಗ ಕೇಳಾನ," ಎಂದು ಉಚ್ಚಂಗೆಮ್ಮ ಗೋಡೆಗೆ ಒರಗಿದರು.

ಆಮೇಲೆ ನೇತ್ರಾವತಿ ಲ್ಯಾಪ್‌ಟಾಪು ತೆಗೆದುಕೊಂಡು ತಂತಿಯ ನೆಟ್ ಇರುವ ಗ್ರಂಥಾಲಯದ ಕಡೆ ನಡೆದಳು. ಬಾ ಎನ್ನಲಿಲ್ಲ, ಸಿದ್ದು ಹಿಂದೆ ಹೋದ. ಬೀಗ ತೆಗೆದು, ಕುರ್ಚಿಯ ಧೂಳು ಕೊಡವಿ ಕೂತಳು.

"ಅವತ್ತು ಕೇಳಿದ್ನಲ್ಲೋ, ಬ್ಯಾಗ್ ಯಾಕೆ ಅಂತ."

"ಸೂತಕದ ಮನೆ ಅಂತ ಅಕ್ಕ. ಆ ಕ್ಯಾನ್ ಕೇಳಿದೋನಿಗೆ ಪಾಲಣ್ಣ..."

"ಕ್ಯಾನ್ ಕೇಳಿದೋನಿಗೆ ರಾತ್ರಿನೇ ಹಿತ್ಲ ಬಾಗಿಲಾಗೆ ಕೊಟ್ಟು ಕಳಿಸಿದ್ವಿ ಕಣೋ. ನಮ್ಮತ್ತೇನೇ ಕೊಡಿಸಿದ್ದು. ಹುಳ ಏನು ಸೂತಕ ನೋಡ್ತೈತಾ ಅಂತ." ಅವಳ ದನಿ ಏರಲಿಲ್ಲ. "ಸೂತಕ ನಮ್ಮನೆಗೆ ಬಂದಿತ್ತು. ನಿನ್ನ ಬಾಯಿಗೆ ಏನು ಬಂದಿತ್ತು?"

ಉತ್ತರಕ್ಕೆ ಅವಳು ಕಾಯಲಿಲ್ಲ. ಲ್ಯಾಪ್‌ಟಾಪು ತೆರೆದು ಅವನ ಒಂದು ಸಾಲಿನ ತಿದ್ದುಪಡಿಯನ್ನು ಓದಿದಳು. ಮೊದಲಿನಿಂದ ಮತ್ತೊಮ್ಮೆ ಓದಿದಳು.

"ಪರೀಕ್ಷೆ?"

"ಹೊಳೆದಂಡೇಲಿ ಮಾಡೀನಿ."

"ಕೆರೆ ಏರಿ ಹಿಂದಕ್ಕೆ ಹೋಗು. ಅಲ್ಲಿ ಏನೂ ಬರಲ್ಲ. ನಾನು ಇಲ್ಲಿ ನೋಡ್ತಿರ್ತೀನಿ."

ಅವನ ಮಾತನ್ನು ಅವಳು ನಂಬುವುದಿಲ್ಲ ಎಂಬುದು ಹೀಗೆ ತೀರ್ಮಾನವಾಯಿತು. ಅವನು ಬಿಸಿಲಲ್ಲಿ ಏರಿ ಹತ್ತಿ ಇಳಿದು, ಜಾಲಿಗಿಡಗಳ ನಡುವೆ ನಿಂತು ಗುಂಡಿ ಒತ್ತಿದ. ಹೇಳಲು ಏನೂ ತೋಚದೆ ಊರ ಹೆಸರು, ತನ್ನ ಹೆಸರು ಹೇಳಿದ. ದನಿ ತುಣುಕು ತುಣುಕಾಗಿ, ನಿಂತು ನಿಂತು ಹೋಯಿತು. ವಾಪಸು ಬರುವಷ್ಟರಲ್ಲಿ ನೇತ್ರಾವತಿ ಪೊರಕೆಯನ್ನು ಕೈಯಾರೆ ಓಡಿಸಿ ನೋಡಿದ್ದಳು. ಅವನ ದನಿ ಅಳಿದಿರಲಿಲ್ಲ. ಗುಪ್ತಪದ ಹಾಕಿ ಸಹಿ ಮಾಡಿದಳು. ಅವರಿಬ್ಬರೂ ನೋಡುತ್ತಿದ್ದಂತೆ ಹೊಸದನ್ನು ಎಳೆದುಕೊಂಡ ಸೈಟುಗಳ ಎಣಿಕೆ ಒಂದೊಂದಾಗಿ ಏರಿತು.

"ಎರಡನೇ ಕೀಲಿ ಮಾಡ್ತೀನಿ," ಎಂದಳು. "ನನ್ನ ತಪ್ಪೂ ಐತೆ, ಒಬ್ಬಳೇ ಇಟ್ಕಂಡಿದ್ದು. ಗಂಗೋತ್ರಿಗೆ ಕೊಡ್ತೀನಿ."

"ಆಕೆಗೆ ಕೋಡು ಬರಲ್ವಲ್ಲ ಅಕ್ಕ."

"ಬಾಯಿ ಬರ್ತೈತಲ್ಲ."

ಸಿದ್ದು ಆಗಲಿ ಎಂದ.

"ಟಿಪ್ಪಣಿ ನೀನೇ ಬರಿ."

ಅವನು ಬರೆದ: ಹಿಂದಿನ ಆವೃತ್ತಿಯ ದೋಷದಿಂದ ಕೆಲವು ಮುದ್ರಿಕೆಗಳು ನಷ್ಟವಾಗಿವೆ. ವಿಷಾದಿಸುತ್ತೇವೆ. ಅವಳು ಓದಿ ಲ್ಯಾಪ್‌ಟಾಪನ್ನು ಅವನ ಕಡೆಗೇ ತಿರುಗಿಸಿದಳು.

"ಕೆಲವು ಅಂದ್ರೆ ಎಷ್ಟು? ಅವರಲ್ಲಿ ಬದುಕಿರೋರು ಎಷ್ಟು? ಬದುಕಿದ್ರೆ ಹೋಗಿ ಮತ್ತೆ ಹೇಳಿಸ್ಕಂಡು ಬರಬಹುದು. ವಿಷಾದ ತೆಗಿ. ಲೆಕ್ಕ ಬರಿ."

ಲೆಕ್ಕ ಹಾಕಲು ದಿನಗಳು ಹಿಡಿದವು. ಪುಟಗಳಲ್ಲಿ ಹೆಸರುಗಳು ಉಳಿದಿದ್ದವು; ಹೆಸರು ಹಿಡಿದು ಸಿದ್ದು ಊರೂರಿಗೆ ಫೋನು ಮಾಡಿದ. ಸೋಬಾನೆ ಹೇಳಿದ ತಿಪ್ಪಮ್ಮ ಇದ್ದಾರಾ? ಅದಾರೆ, ಕಿವಿ ಕೇಳ್ಸಲ್ಲ, ಬಾಯಿ ಜೋರೈತೆ. ಕುರಿಯ ರೋಗದ ಮದ್ದು ಹೇಳಿದವರು? ಮಗನ ಊರಿಗೆ ಹೋಗ್ಯಾರೆ, ಹಬ್ಬಕ್ಕೆ ಬರ್ತಾರೆ. ಬೀಸುವ ಪದ ಹೇಳಿದ ಕಸ್ತೂರಮ್ಮ? ಆಯಮ್ಮ ಹೋಗಿ ಬಾಳ ದಿನ ಆತಲ್ಲ ಸಾರ್, ನಿಮಗೆ ಗೊತ್ತಿಲ್ವಾ? ಅವನು ಒಂದೊಂದನ್ನೂ ಬರೆದುಕೊಂಡ. ಮುಗಿದ ಮೇಲೆ ಟಿಪ್ಪಣಿಯನ್ನು ತಿದ್ದಿದ. ನೇತ್ರಾವತಿ ಅದಕ್ಕೆ ಒಂದು ಅಕ್ಷರ ಸೇರಿಸಲಿಲ್ಲ, ತೆಗೆಯಲಿಲ್ಲ.

ನಮಗೆ ತಿಳಿದಂತೆ ಹತ್ತೊಂಬತ್ತು ಊರುಗಳ ಆರುನೂರ ನಲವತ್ತೆರಡು ಮುದ್ರಿಕೆಗಳು ಅಳಿದಿವೆ. ಮತ್ತೆ ಹೇಳಿಸಬಹುದಾದವು ಆರುನೂರ ಹದಿಮೂರು. ಉಳಿದ ಇಪ್ಪತ್ತೊಂಬತ್ತನ್ನು ಹೇಳಿದವರು ಈಗ ಇಲ್ಲ.